ಹೆಗ್ಗಣದ ರಾಣಿಯ ಪಾಲು

ಕಳೆದ ವಾರ ಸಾಗರದ ನಮ್ಮ ಶಾಲೆಯ ಹೊಸ ಸ್ಮಾರ್ಟ್ ಬೋರ್ಡ್ ಕೆಟ್ಟು ಕೂತಿತು. ರಿಪೇರಿಯವರು ನಾಳೆ ಬರುತ್ತೇವೆ ಎಂದರು, ಮರುದಿನವೂ ಅದನ್ನೇ ಹೇಳಿದರು. ಶನಿವಾರ ಸಿನಿಮಾ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ, ಮಕ್ಕಳು ಬಿಡಬೇಕಲ್ಲ. ಬೀರುವಿನ ಮೇಲೆ ಬಟ್ಟೆ ಸುತ್ತಿಟ್ಟಿದ್ದ ಹಳೆಯ ಪ್ರೊಜೆಕ್ಟರ್ ಇಳಿಸಿ ಹಾಕಿದೆ. ಸ್ವಲ್ಪ ಹೊತ್ತಿಗೆ ಅದರ ಬೆನ್ನಿನಿಂದ ಬಿಸಿಗಾಳಿಯ ಜೊತೆ ಧೂಳು ಸುಟ್ಟ ವಾಸನೆ ಬಂತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸನಗರ ತಾಲ್ಲೂಕಿನ ಆ ಶಾಲೆಯ ಕೋಣೆಯಲ್ಲಿದ್ದೆ.

ಹೊಸನಗರದಿಂದ ಹುಂಚದ ಕಡೆ ಹೋಗುವ ಬಸ್ಸು ಇಳಿದು, ಗದ್ದೆಬಯಲು ದಾಟಿ ಒಳಗೆ ನಡೆಯಬೇಕಾದ ಊರು ಅದು. ಅಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಆದರೆ ಅಲ್ಲಿಯದು ಎಂದು ನೆನಪಾಗುವುದೆಲ್ಲ ಒಂದೇ ವರ್ಷದ್ದು. ಆರು, ಏಳನೇ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು, ಎರಡಕ್ಕೂ ನಾನೇ ಟೀಚರ್. ಚಿಕ್ಕಂದಿನಲ್ಲಿ ನಮ್ಮಮ್ಮ ನನ್ನನ್ನು ಹಿಡಿದ ಹಟ ಬಿಡದವಳು ಎಂದು ಬೈಯುತ್ತಿದ್ದಳು. ಆ ಬೈಗುಳ ಆ ವರ್ಷ ಉಪಯೋಗಕ್ಕೆ ಬಂತು.

ಆ ಮಳೆಗಾಲ ಶುರುವಾದದ್ದು ತಡವಾಗಿ, ಶುರುವಾದ ಮೇಲೆ ಮಾತ್ರ ಕೈ ಬಿಡಲಿಲ್ಲ. ಆಟದ ಬಯಲು ಕೆಸರಾಗಿ, ಮಕ್ಕಳು ಇಡೀ ದಿನ ಕೋಣೆಯಲ್ಲೇ ಕೂತು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ಯಾರೋ ಸೇರಿ ಶಾಲೆಗೊಂದು ಪ್ರೊಜೆಕ್ಟರ್ ಕೊಟ್ಟಿದ್ದರು. ಕರೆಂಟು ಇದ್ದ ಶನಿವಾರಗಳಲ್ಲಿ ಬಿಳಿ ಪಂಚೆಯೊಂದನ್ನು ಗೋಡೆಗೆ ಕಟ್ಟಿ ಸಿನಿಮಾ ತೋರಿಸುವುದು, ನೋಡಿದ್ದರ ಮೇಲೆ ಮಾತಾಡಿಸುವುದು ಎಂದು ಗೊತ್ತು ಮಾಡಿಕೊಂಡೆ.

ಮಕ್ಕಳಿಗೆ ಹುಚ್ಚು ಹಿಡಿಸಿದ್ದು ಒಂದು ಮಾಯಾಲೋಕದ ಸಿನಿಮಾ. ಯಾವುದೋ ದೇಶದ ಮಕ್ಕಳ ಕಾದಂಬರಿಯನ್ನು ಚಿತ್ರ ಮಾಡಿ, ಅದಕ್ಕೆ ಕನ್ನಡದ ಮಾತು ಕೂರಿಸಿದ್ದರು. ಅಕ್ಕ ತಮ್ಮ ಇಬ್ಬರು ಒಣಗಿದ ಬಾವಿಗೆ ಇಳಿದು ಬೇರೊಂದು ರಾಜ್ಯಕ್ಕೆ ಹೋಗುತ್ತಾರೆ. ಅಲ್ಲಿ ನೆಲದಡಿ ಒಬ್ಬಳು ರಾಣಿ ಇದ್ದಾಳೆ. ಮೀಸೆ, ಉದ್ದನೆಯ ಮೂತಿ, ಮಣ್ಣುಬಣ್ಣದ ಮೈ. ಅವಳ ಸೈನ್ಯ ರಾತ್ರಿ ಬಂದು ಕಣಜಗಳನ್ನು ಬರಿದು ಮಾಡುತ್ತದೆ. ಕೊನೆಗೆ ಮಕ್ಕಳು ಅವಳನ್ನು ಸೋಲಿಸಿ ಬಿಲದೊಳಕ್ಕೆ ಅಟ್ಟಿ, ಬಿಲದ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿಸುತ್ತಾರೆ. "ಓ ದುಷ್ಟ ರಾಣಿಯೇ, ಈ ಬಾಗಿಲು ಇನ್ನೆಂದಿಗೂ ತೆರೆಯದಿರಲಿ" ಎಂದು ತಮ್ಮ ಕತ್ತಿ ಎತ್ತಿ ಹೇಳುತ್ತಾನೆ. ಚಿತ್ರದಲ್ಲಿ ಅವಳ ಹೆಸರು ಪಾತಾಳದ ರಾಣಿ. ನಮ್ಮ ಮಕ್ಕಳು ಮೊದಲ ದಿನವೇ ಅವಳನ್ನು ಹೆಗ್ಗಣದ ರಾಣಿ ಮಾಡಿದರು.

ಆ ವಾರವೆಲ್ಲ ಹಳ್ಳದ ಮೇಲಿನ ಕಾಲುಸಂಕ ದಾಟುವಾಗಲೂ ಕೊಡೆ ಎತ್ತಿ "ಓ ದುಷ್ಟ ರಾಣಿಯೇ" ಎನ್ನುವುದೇ. ಈ ಚಿತ್ರದಿಂದ ಏನು ತಿಳಿಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ, ಒಳ್ಳೆಯದು ಗೆಲ್ಲುತ್ತದೆ, ಕೆಟ್ಟದ್ದು ಸೋಲುತ್ತದೆ. ಬೇರೆ ಏನಾದರೂ ಹೇಳಿ ಎಂದು ಎಷ್ಟು ಕೆದಕಿದರೂ ಅದೇ. ನೀತಿ ಎಂದರೆ ಒಂದೇ ವಾಕ್ಯದಲ್ಲಿ ಇರಬೇಕು, ಕೊನೆಯಲ್ಲಿ ಬರಬೇಕು ಎಂದು ಮಕ್ಕಳಿಗೆ ಒಂದನೇ ತರಗತಿಯಿಂದ ಅಭ್ಯಾಸವಾಗಿಬಿಟ್ಟಿತ್ತು.

ದಸರಾ ರಜೆ ಹತ್ತಿರ ಬಂದಾಗ ನಾನೊಂದು ದಿನ ಮೀಟಿಂಗಿಗೆಂದು ಹೊಸನಗರಕ್ಕೆ ಹೋಗಿದ್ದೆ. ಮರುದಿನ ಬಂದರೆ ಆರನೇ ತರಗತಿಯ ಸವಿತಾ ಬಂದಿರಲಿಲ್ಲ. ಬಿಸಿಯೂಟದ ಅಡುಗೆ ಮಾಡುವ ಗಿರಿಜಕ್ಕ ಬಾಗಿಲಲ್ಲೇ ಕಾದಿದ್ದರು.

"ಟೀಚರ್, ಮೊಟ್ಟೆ ಲೆಕ್ಕಕ್ಕೆ ಸಿಗ್ತಿಲ್ಲ ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ನಿನ್ನೆ ನೋಡ್ತೀನಿ, ಈ ಹುಡುಗಿ ಊಟದ ಡಬ್ಬಿಲಿ ಬಟ್ಟೆ ಸುತ್ತಿ ಇಟ್ಕೊಂಡಿದಾಳೆ. ಬೇಯಿಸ್ದೇ ಇರೋ ಮೊಟ್ಟೆ. ಒಂದಲ್ಲ, ನಾಕು."

ಗಿರಿಜಕ್ಕ ಕೆಟ್ಟವರಲ್ಲ. ಮೊಟ್ಟೆ ಕಡಿಮೆ ಬಿದ್ದರೆ ಮೊದಲು ಅವರ ಮೇಲೇ ಬರುತ್ತದೆ, ಹೆದರಿ ಕೂಗಿಕೊಂಡಿದ್ದರು. ಕೂಗು ಕೇಳಿ ಮಕ್ಕಳೆಲ್ಲ ಓಡಿ ಬಂದಿದ್ದರು. ಯಾರೋ ಒಬ್ಬರು "ಹೆಗ್ಗಣದ ರಾಣಿ" ಎಂದಿದ್ದಾರೆ, ಉಳಿದವರು ದನಿ ಸೇರಿಸಿದ್ದಾರೆ. ಸವಿತಾ ಡಬ್ಬಿ ಅವುಚಿಕೊಂಡು ಮನೆಗೆ ಓಡಿ ಹೋಗಿ, ಮಧ್ಯಾಹ್ನದ ಮೇಲೆ ಚೀಲ ತೆಗೆದುಕೊಳ್ಳಲು ಬಂದರೆ, ಪ್ರಜ್ವಲ್ ಮತ್ತು ಅವನ ಜೊತೆಯವರು ತರಗತಿಯ ಬಾಗಿಲು ಹಾಕಿಕೊಂಡು ಒಳಗಿಂದ ಸಿನಿಮಾದ ಆ ಮಾತನ್ನೇ ಒದರಿದ್ದಾರೆ. ಹೆಡ್‌ಮಾಸ್ಟರು ಬಂದು ಬಾಗಿಲು ತೆಗೆಸುವಷ್ಟರಲ್ಲಿ ಅವಳು ಚೀಲ ಬಿಟ್ಟೇ ಹೋಗಿದ್ದಳು.

ಈ ಪ್ರಜ್ವಲ್ ಯಾರೆಂದರೆ, ತೋಡಿನಲ್ಲಿ ನೀರು ಏರಿದ ದಿನ ಒಂದನೇ ತರಗತಿಯ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ ಹುಡುಗ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಕೆಟ್ಟ ಹುಡುಗ ಮಾಡಿದ್ದರೆ ಎರಡು ಬೈದು ಮುಗಿಸಬಹುದಿತ್ತು.

ಸಂಜೆ ಆ ಚೀಲ ಹಿಡಿದುಕೊಂಡು ಸವಿತಾಳ ಮನೆಗೆ ಹೋದೆ. ಅವಳಮ್ಮ ಲಲಿತಕ್ಕ ಅಂಗಳದಲ್ಲಿ ಹುಲ್ಲಿನ ಹೊರೆ ಇಳಿಸುತ್ತಿದ್ದರು. ಕೂತ್ಕೊಳ್ಳಿ ಎಂದರು, ಕುಡಿಯಲು ನೀರು ಬೆಲ್ಲ ಕೊಟ್ಟರು, ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ತಿನ್ನೋ ಆಸೆಗೆ ತಗೊಂಡಿದ್ದಲ್ಲ ಟೀಚರ್. ಇವ್ಳಿಗೆ ಎಂತಕ್ಕೆ ಬೇಕಾಗಿತ್ತು ಅಂತ ಇವ್ಳನ್ನೇ ಕೇಳಿ."

ಸವಿತಾ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಸೌದೆಯ ಮೂಲೆಯಲ್ಲಿದ್ದ ಒಂದು ಬುಟ್ಟಿ ತೋರಿಸಿದಳು. ಬುಟ್ಟಿಯೊಳಗೆ ಒಂದು ಹೇಂಟೆ ರೆಕ್ಕೆ ಹರಡಿ ಕೂತಿತ್ತು. ಅದು ಕಾವಿಗೆ ಕೂತ ಮೊಟ್ಟೆಗಳನ್ನು ಕೇರೆಹಾವು ಬಂದು ನುಂಗಿ ಹೋಗಿತ್ತಂತೆ. ಆದರೂ ಕೋಳಿ ಏಳಲಿಲ್ಲ. ಕಾವು ಬಿಡಿಸಲು ಲಲಿತಕ್ಕ ಅದನ್ನು ನೀರಿಗೆ ಅದ್ದಿ ತೆಗೆದರೂ ಮತ್ತೆ ಬಂದು ಬರಿ ಬುಟ್ಟಿಯ ಮೇಲೆ ಕೂತಿತು. ಮನೆಯ ಬೇರೆ ಕೋಳಿ ಆಗ ಮೊಟ್ಟೆ ಇಡುತ್ತಿರಲಿಲ್ಲ.

"ಬರಿ ಬುಟ್ಟಿ ಮೇಲೆ ಕೂತಿತ್ತು ಟೀಚರ್," ಎಂದಳು ಸವಿತಾ. "ನೋಡಕ್ಕಾಗ್ಲಿಲ್ಲ. ಮರಿ ದೊಡ್ಡಾಗಿ ಮೊಟ್ಟೆ ಇಟ್ಟ ಮೇಲೆ ಅಷ್ಟನ್ನೂ ಶಾಲೆಗೆ ವಾಪಸ್ ಕೊಡಣ ಅಂತಿದ್ದೆ."

ಶಾಲೆಗೆ ಬರುವ ಫಾರಂ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಅದು ನನಗೆ ಗೊತ್ತಿತ್ತು, ಅವಳಮ್ಮನಿಗೂ ಗೊತ್ತಿತ್ತು. ಹುಡುಗಿಯ ಮುಖ ನೋಡಿ ಇಬ್ಬರೂ ಸುಮ್ಮನಿದ್ದೆವು.

ಹೊರಡುವಾಗ ಲಲಿತಕ್ಕ ಬೇಲಿಯವರೆಗೆ ಬಂದು ಬೇರೆ ವಿಷಯ ತೆಗೆದರು. ತೀರ್ಥಹಳ್ಳಿಯಲ್ಲಿರುವ ಅವರ ತಂಗಿ ಹೆತ್ತಿದ್ದಳು. ಮಗು ನೋಡಿಕೊಳ್ಳಲು ಜನ ಬೇಕಿತ್ತು. ಭೂಮಿ ಹುಣ್ಣಿಮೆ ಹಬ್ಬ ಮುಗಿದ ಮೇಲಿನ ಭಾನುವಾರ ತಂಗಿಯ ಗಂಡ ಬಂದು ಸವಿತಾಳನ್ನು ಕರೆದುಕೊಂಡು ಹೋಗುತ್ತಾನೆ, ಅಲ್ಲೇ ಶಾಲೆಗೂ ಸೇರಿಸುತ್ತಾರಂತೆ ಎಂದರು. ಮಗು ಆಡಿಸಲು ಹೋದ ಹುಡುಗಿಯರನ್ನು ಎಷ್ಟರಮಟ್ಟಿಗೆ ಶಾಲೆಗೆ ಸೇರಿಸುತ್ತಾರೆ ಎಂಬುದನ್ನು ನಾನು ನನ್ನ ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದೆ.

"ಕಳಿಸ್ಬೇಡಿ ಲಲಿತಕ್ಕ. ಅವಳು ಓದೋ ಹುಡುಗಿ."

"ನಂಗೇನು ಕಳಿಸೋಕೆ ಆಸೆನಾ? ಆ ಹೆಸರು ಹೊತ್ಕೊಂಡು ಅವ್ಳು ನಿಮ್ ಶಾಲೆಗೆ ಬರಲ್ಲ. ಕರೆದಿದಾರಲ್ಲ ಹೆಗ್ಗಣ ಅಂತ, ಅವ್ರೇ ಬಂದು ಕರೀಲಿ. ನೀವು ಹೇಳ್ಕೊಟ್ಟು ಸಾಲಾಗಿ ನಿಲ್ಸದಲ್ಲ ಮತ್ತೆ."

ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ, ಗಲಾಟೆ ಎಂದರೆ ಆಗದು. "ಟಿ.ಸಿ. ಕೇಳಿದ್ರೆ ಕೊಟ್ಬಿಡಣ ಮೇಡಂ, ತೀರ್ಥಹಳ್ಳೀಲಿ ಓದ್ಕೊಳ್ಳಲಿ," ಎಂದರು. ಕೊಡುವುದಿಲ್ಲ ಎಂದೆ. ಕೊಡಲು, ಬಿಡಲು ನಾನು ಯಾರೂ ಅಲ್ಲ. ಆದರೂ ಹಾಗೆ ಹೇಳಿದೆ, ಅವರೂ ನಕ್ಕು ಸುಮ್ಮನಾದರು.

ಮಕ್ಕಳಿಗೆ ಕೋಳಿಯ ಕಥೆ ಹೇಳಿಬಿಡುವುದು ಸುಲಭವಿತ್ತು. ಹೇಳಿದ್ದರೆ ಅಯ್ಯೋ ಪಾಪ ಎಂದು ಎಲ್ಲರೂ ಹೊರಟೇಬಿಡುತ್ತಿದ್ದರು. ಆ ಅಯ್ಯೋ ಪಾಪ ನನಗೆ ಬೇಕಿರಲಿಲ್ಲ. ನಾಳೆ ಇನ್ನೊಬ್ಬರು ಸಿಕ್ಕಿಬಿದ್ದರೆ, ಅವರ ಹಿತ್ತಿಲಲ್ಲಿ ಕೋಳಿ ಇಲ್ಲದಿದ್ದರೆ, ಮತ್ತೆ ಬಾಗಿಲು ಹಾಕುತ್ತಾರಷ್ಟೆ. ಇವರಾಗಿಯೇ ಕೇಳಬೇಕು ಎಂದು ಪಟ್ಟು ಹಿಡಿದೆ.

ರಜೆಗೆ ಮುಂಚೆ ಒಮ್ಮೆ ಮಾತು ಎತ್ತಿದೆ.

"ಕದ್ದರೆ ಶಾಲೆಗೇ ಬರಬಾರದಾ?"

"ಸಿನಿಮಾದಲ್ಲಿ ಹಂಗೇ ಮಾಡಿದ್ರಲ್ಲ ಟೀಚರ್," ಎಂದ ಪ್ರಜ್ವಲ್. "ಬಾಗ್ಲು ಹಾಕಿದ್ಮೇಲೇ ಅಲ್ವಾ ರಾಜ್ಯ ಉದ್ಧಾರ ಆಗಿದ್ದು?"

ಉಳಿದವರು ಹೌದು ಹೌದು ಎಂದರು. ತಾವು ಮಾಡಿದ್ದು ಸರಿ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅಷ್ಟು ಶ್ರದ್ಧೆಯಿಂದ ನೀತಿಪಾಠ ಕಲಿತ ಮಕ್ಕಳನ್ನು ನಾನು ಮತ್ತೆ ನೋಡಿಲ್ಲ. ರಜೆಯಲ್ಲಿ ಸಾಗರದ ಮನೆಗೆ ಬಂದರೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ವರದಹಳ್ಳಿಯ ಆಶ್ರಮಕ್ಕೆ ಹೋಗಿಬರೋಣ ಬಾ, ಮನಸ್ಸಿಗೆ ಸಮಾಧಾನ ಆಗುತ್ತದೆ ಎಂದು ಅಕ್ಕ ಕರೆದಳು. ನನಗೆ ಬೇಕಾದದ್ದು ಸಮಾಧಾನ ಅಲ್ಲ ಎಂದು ಅವಳ ಮೇಲೆ ಸುಮ್ಮನೆ ರೇಗಿದೆ.

ಆ ವರ್ಷ ರಜೆ ಮುಗಿದ ವಾರದಲ್ಲೇ ಭೂಮಿ ಹುಣ್ಣಿಮೆ ಬಂತು. ಭತ್ತ ಹೊಡೆ ತುಂಬಿ ನಿಂತಿರುವಾಗ ಗದ್ದೆಯನ್ನು ಬಸುರಿ ಎಂದುಕೊಂಡು, ಬಗೆಬಗೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಬಡಿಸುವ ಹಬ್ಬ. ಬೆಳಕು ಹರಿಯುವ ಮುಂಚೆಯೇ ಹೋಗಬೇಕು. ಮರುದಿನ ಮಕ್ಕಳು ಅರೆನಿದ್ದೆಯಲ್ಲಿ ತೂಗುತ್ತ ಶಾಲೆಗೆ ಬಂದರು. ನನಗೆಂದು ಕಡುಬು ತಂದಿದ್ದರು. ಆದರೆ ಏಳನೇ ತರಗತಿಯ ಚೈತ್ರಾ ಮಾತ್ರ ಒಂದೇ ಸಮನೆ ತಮ್ಮನನ್ನು ಬೈಯುತ್ತಿದ್ದಳು. ತಮ್ಮ ಎರಡನೇ ತರಗತಿ. ಬೈಗುಳದ ನಡುವೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

"ಎಂತ ಮಾಡಿದ ಅವನು?"

"ಇಲಿ ಪಾಲಿನ ಕಡುಬು ತಿಂದಿದಾನೆ ಟೀಚರ್. ಕಾಗೆಗೊಂದು ಎಡೆ, ಇಲಿಗೊಂದು ಎಡೆ ಅಂತ ಇಟ್ಟಿರ್ತಾರಲ್ಲ, ಅಪ್ಪ ಆಕಡೆ ತಿರುಗೋದ್ರೊಳಗೆ ಇಲಿದು ಬಾಯಿಗೆ ಹಾಕ್ಕೊಂಡ. ಅಮ್ಮ ಮತ್ತೆ ಮನೆಗೆ ಓಡಿ ಬೇರೆ ತಂದಿಟ್ಟಳು."

ಇಲಿ ಬಂದು ನಿನ್ನ ಮೂಗು ಕಚ್ಚುತ್ತದೆ ಎಂದು ಹುಡುಗರು ಆ ಪುಟ್ಟವನನ್ನು ಹೆದರಿಸುತ್ತಿದ್ದರು. ನನಗೂ ನಗು ಬಂತು. ನಗುತ್ತಲೇ ಕೇಳಿದೆ.

"ಅಲ್ವೇ ಚೈತ್ರಾ, ಇಲಿ ಭತ್ತ ಕದಿಯತ್ತಲ್ಲ. ಕಳ್ಳಂಗೆ ಎಂತಕ್ಕೆ ಎಡೆ?"

ಇದೆಂಥ ಪ್ರಶ್ನೆ ಎನ್ನುವಂತೆ ಅವಳು ನನ್ನನ್ನು ನೋಡಿದಳು. "ಅದೂ ನಮ್ ಗದ್ದೇಲೇ ಇರದಲ್ವಾ ಟೀಚರ್? ಅದಕ್ಕೂ ಹೊಟ್ಟೆ ಇರತ್ತೆ. ನಾವು ಕೊಡದೆ ಇದ್ರೆ ಅದು ತಗೊಳ್ದೆ ಎಂತ ಮಾಡ್ತದೆ?"

"ಹಾಗಾದರೆ ಹೆಗ್ಗಣದ ರಾಣಿಗೆ ಆ ರಾಜ್ಯದಲ್ಲಿ ಯಾರು ಎಡೆ ಇಟ್ಟಿದ್ದರು?"

ನಗು ನಿಂತಿತು. ಪ್ರಜ್ವಲ್ "ಅದು ಸಿನಿಮಾ ಟೀಚರ್" ಎಂದ. ಬಾಗಿಲು ಹಾಕುವ ನೀತಿಯೂ ಆ ಸಿನಿಮಾದ್ದೇ ಅಲ್ಲವೇನೋ ಎಂದೆ. ಯಾರಾದರೂ ಕೊಟ್ಟಿರುತ್ತಾರೆ, ನಾವು ನೋಡಿಲ್ಲ ಅಷ್ಟೇ ಎಂದು ಕೆಲವರು, ಇಲ್ಲವೇ ಇಲ್ಲ ಎಂದು ಕೆಲವರು. ಗಣಿತದ ಪಾಠ ಬದಿಗಿಟ್ಟು ಪಂಚೆ ಕಟ್ಟಿಸಿದೆ.

ಆ ದಿನ ನೋಡಿದ ಹಾಗೆ ಆ ಮಕ್ಕಳು ಯಾವ ಸಿನಿಮಾವನ್ನೂ ನೋಡಿರಲಿಲ್ಲ. ನಿಲ್ಲಿಸಿ ಟೀಚರ್, ಹಿಂದೆ ಹಾಕಿ ಟೀಚರ್ ಎಂದು ನನ್ನ ಬೆರಳು ನೋಯಿಸಿದರು. ರಾಜ ಕೊಡಲಿಲ್ಲ, ಮಂತ್ರಿ ಕೊಡಲಿಲ್ಲ. ಅಕ್ಕ ತಮ್ಮ ಬಂದ ಮೇಲೂ ಕತ್ತಿ ಹುಡುಕಿದರೇ ಹೊರತು, ಆ ರಾಣಿ ಯಾಕೆ ಹೀಗೆ ಮಾಡುತ್ತಾಳೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. "ಪುಸ್ತಕದಲ್ಲಿ ಇರ್ಬೋದು. ಸಿನಿಮಾದವ್ರು ಕಟ್ ಮಾಡಿರ್ತಾರೆ," ಎಂದ ಪ್ರಜ್ವಲ್. ಅವನಿಗೆ ಪುಸ್ತಕದ ಮೇಲೆ ಇನ್ನೂ ನಂಬಿಕೆ ಇತ್ತು.

ಆ ಕಾದಂಬರಿಯ ಅನುವಾದ ಹೊಸನಗರದ ನನ್ನ ಗೆಳತಿಯೊಬ್ಬಳ ಮಗಳ ಹತ್ತಿರ ಇತ್ತು. ಬಸ್ಸಿನವರ ಕೈಯಲ್ಲಿ ತರಿಸಿ ಮರುದಿನ ಗಟ್ಟಿಯಾಗಿ ಓದಿದೆ. ಚಿತ್ರದಲ್ಲಿ ಇಲ್ಲದ್ದು ಎಷ್ಟೋ ಅದರಲ್ಲಿತ್ತು. ಬಾವಿಯ ಗೋಡೆಯ ಪಾಚಿಯ ಬಗ್ಗೆ ಒಂದು ಪುಟ, ರಾಜನ ಮನೆಯ ಊಟದ ಬಗ್ಗೆ ಮೂರು ಪುಟ. ರಾಣಿಯನ್ನು ಯಾಕೆ ಎಂದು ಕೇಳುವ ಪುಟ ಮಾತ್ರ ಇರಲಿಲ್ಲ.

"ಬರೆದವ್ರಿಗೂ ಹೊಳೀಲಿಲ್ವಾ?" ಎಂದ ಪ್ರಜ್ವಲ್, ನಿಜವಾಗಿ ಬೇಜಾರಾಗಿ.

"ಹಂಗಾದ್ರೆ ನಾವೇ ಬರಿಯಣ," ಎಂದಳು ಚೈತ್ರಾ.

"ಬರಿಯಕ್ಕೆ ಅವ್ಳೆಂತಕ್ಕೆ ಕದ್ದಳು ಅಂತ ಗೊತ್ತಾಗ್ಬೇಕಲ್ಲೇ. ಯಾರನ್ನ ಕೇಳದು?" ಎಂದ ಪ್ರಜ್ವಲ್.

ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಬಾಯಿ ತೆರೆದರೆ ಎಲ್ಲಾ ಹಾಳಾಗುತ್ತದೆ ಎಂದು ಗೊತ್ತಿತ್ತು. ಚೈತ್ರಾ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಕೆರೆಯುತ್ತಲೇ, "ಸವಿತಾನ ಕೇಳ್ಬೋದು" ಎಂದಳು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೋದರು. ಭಾನುವಾರ ಬರಲಿದ್ದ ಸವಿತಾಳ ಚಿಕ್ಕಪ್ಪನ ಸಂಗತಿ ಅವರಿಗೆ ತಿಳಿದಿರಲಿಲ್ಲ, ನನಗೆ ಮಾತ್ರ ಗೊತ್ತಿತ್ತು. ಎಲ್ಲರಿಗಿಂತ ಹಿಂದೆ ನಡೆದು ಬೇಲಿಯ ಹತ್ತಿರವೇ ನಿಂತೆ. ಲಲಿತಕ್ಕ ಬಾಗಿಲಿಗೆ ಬಂದವರು ನನ್ನ ಮುಖ ನೋಡಿದರು. ನಾನು ಹೇಳಿಕೊಟ್ಟದ್ದಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಒಳಗೆ ತಿರುಗಿ ಮಗಳನ್ನು ಕೂಗಿದರು. ಸವಿತಾ ಬಂದು ಬಾಗಿಲಿಗೆ ಒರಗಿ ನಿಂತಳು, ಸೊರಗಿ ಹೋಗಿದ್ದಳು.

ಪ್ರಜ್ವಲ್ ಗಂಟಲು ಸರಿ ಮಾಡಿಕೊಂಡ. "ನೀ ಎಂತಕ್ಕೆ ಮೊಟ್ಟೆ ತಗೊಂಡಿದ್ದು?"

ಅವಳು ಎಲ್ಲರನ್ನೂ ಹಿತ್ತಿಲಿಗೆ ಕರೆದು ಬುಟ್ಟಿ ತೋರಿಸಿದಳು, ನಾನೂ ಹಿಂದೆ ಹೋದೆ. ಕೇರೆಹಾವಿನ ವಿಷಯ, ಬರಿ ಬುಟ್ಟಿಯ ವಿಷಯ ಹೇಳಿದಳು. ಕೋಳಿ ಬಡಕಲಾಗಿತ್ತು, ಆದರೂ ಏಳದೆ ಅದೇ ಬಿಳಿ ಮೊಟ್ಟೆಗಳ ಮೇಲೆ ಕೂತಿತ್ತು. ಹೇಳಿ ಮುಗಿಯುವಷ್ಟರಲ್ಲಿ ಪ್ರಜ್ವಲ್ ತಡೆಯಲಾಗದೆ ಅಂದುಬಿಟ್ಟ: "ಫಾರಂ ಮೊಟ್ಟೆ ಮರಿ ಆಗಲ್ಲ ಕಣೇ."

"ನಂಗೂ ಈಗ ಗೊತ್ತು," ಎಂದಳು ಸವಿತಾ. "ಕೋಳಿಗೆ ಗೊತ್ತಿಲ್ಲ."

ಪ್ರಜ್ವಲ್ ಕಣ್ಣು ಒರೆಸಿಕೊಳ್ಳುವುದನ್ನು ನಾನು ನೋಡಿದೆ, ನೋಡಿಲ್ಲದವಳ ಹಾಗೆ ದಾಸವಾಳದ ಗಿಡದ ಕಡೆ ತಿರುಗಿದೆ. "ಮೊದ್ಲೇ ಹೇಳ್ಬೋದಿತ್ತಲ್ಲ," ಎಂದ ಅವನು, ದನಿ ಸಣ್ಣ ಮಾಡಿ. "ನೀವು ಕೇಳ್ಲೇ ಇಲ್ಲ," ಎಂದಳು ಅವಳು. "ಸೋಮವಾರ ಶಾಲೆಗೆ ಬಾ," ಎಂದ.

ಚೈತ್ರಾಳ ಮನೆಯಲ್ಲಿ ಹಿಂದಿನ ದಿನವಷ್ಟೇ ಕೋಳಿ ಮರಿ ಮಾಡಿತ್ತು. ಅವಳು ಯಾರಿಗೂ ಹೇಳದೆ ಓಡಿದಳು. ಮುಸ್ಸಂಜೆ ಹೊತ್ತಿಗೆ ಅವಳಮ್ಮನ ಜೊತೆ ಒಂದು ಕುಕ್ಕೆಯಲ್ಲಿ ಮರಿ ತಂದು, ಕೋಳಿಯ ಅಡಿಯಿಂದ ಮೊಟ್ಟೆ ಒಂದೊಂದಾಗಿ ತೆಗೆದು, ಅದೇ ಜಾಗಕ್ಕೆ ಮರಿ ಒಂದೊಂದಾಗಿ ತಳ್ಳಿದರಂತೆ. ಕತ್ತಲಲ್ಲಿ ಹೀಗೆ ಮಾಡಿದರೆ ಕೋಳಿ ತನ್ನವೇ ಎಂದುಕೊಳ್ಳುತ್ತದೆ, ಆ ಕಡೆ ಎಲ್ಲರೂ ಮಾಡುವುದೇ. ನಾನು ಬಸ್ಸು ತಪ್ಪುತ್ತದೆಂದು ಅಷ್ಟರಲ್ಲಿ ಹೊರಟಿದ್ದೆ. ಹೊರಡುವಾಗ ನಾಳೆ ಎಂತ ಮಾಡ್ತೀರಿ ಲಲಿತಕ್ಕ ಎಂದು ಕೇಳಿದೆ. ಅವರು ಕೋಳಿಯ ಬುಟ್ಟಿಯ ಕಡೆ ತಿರುಗಿದರು.

ಸೋಮವಾರ ಸವಿತಾ ಎಲ್ಲರಿಗಿಂತ ಮೊದಲು ಬಂದು ಕಟ್ಟೆಯ ಮೇಲೆ ಕೂತಿದ್ದಳು. ಚಿಕ್ಕಪ್ಪ ಬಂದು, ಊಟ ಮಾಡಿ, ಒಬ್ಬನೇ ಬಸ್ಸು ಹತ್ತಿದನಂತೆ. ಶಾಲೆ ಮಕ್ಕಳೇ ಮನೆ ಬಾಗಿಲಿಗೆ ಬಂದು ಕರೆದಿದಾರೆ, ಈಗ ಕಳಿಸಿದ್ರೆ ಚೆನ್ನಾಗಿರಲ್ಲ ಎಂದು ಲಲಿತಕ್ಕ ಹೇಳಿದರಂತೆ. ನಾನು ಸ್ಟಾಫ್ ರೂಮಿಗೆ ಹೋಗಿ, ಯಾರೂ ಇಲ್ಲದ್ದು ನೋಡಿಕೊಂಡು ಅತ್ತೆ.

ತರಗತಿಗೆ ಹೋದರೆ ಕಪ್ಪುಹಲಗೆಯ ಮೇಲೆ ಮಕ್ಕಳು ಸಿನಿಮಾಕ್ಕೆ ಹೊಸ ಕೊನೆ ಬರೆದು ಮುಗಿಸಿದ್ದರು. ಪ್ರಜ್ವಲ್ ಓದಿದ. ಅಕ್ಕ ಒಬ್ಬಳೇ ಬಿಲಕ್ಕೆ ಇಳಿದು ರಾಣಿಯನ್ನು ಯಾಕೆ ಎಂದು ಕೇಳುತ್ತಾಳೆ. ರಾಣಿ ತನ್ನ ಮಕ್ಕಳನ್ನು ತೋರಿಸುತ್ತಾಳೆ. ರಾಜ ತಪ್ಪಾಯಿತು ಎಂದು ಕ್ಷಮೆ ಕೇಳುತ್ತಾನೆ, ಪ್ರತಿ ಸುಗ್ಗಿಗೆ ಅವಳ ಪಾಲು ಕೊಡುತ್ತಾರೆ, ಎಲ್ಲರೂ ಹಾಡುತ್ತಾರೆ. ಓದಿ ಮುಗಿಸಿ ಎಲ್ಲರೂ ಸವಿತಾಳ ಮುಖವನ್ನೇ ನೋಡಿದರು. ಸತ್ಯ ಹೇಳಬೇಕೆಂದರೆ ನಾನೂ ಅವಳು ನಗಲಿ ಎಂದು ಕಾಯುತ್ತಿದ್ದೆ.

ಅವಳು ಹಲಗೆಯನ್ನು ಮೇಲಿಂದ ಕೆಳಗೆ ಓದಿಕೊಂಡಳು.

"ರಾಣಿ ತಪ್ಪೇ ಮಾಡ್ಲಿಲ್ವಾ ಹಂಗಾದ್ರೆ?"

ಪ್ರಜ್ವಲ್, "ಪಾಪ, ಅವ್ಳು ಮಕ್ಕಳಿಗೋಸ್ಕರ" ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ.

"ಮಾಡಿದಾಳೆ," ಎಂದಳು ಸವಿತಾ. "ಕೇಳ್ದೆ ತಗೊಂಡಿದಾಳೆ. ಅದ್ನೂ ಬರಿ. ತಪ್ಪು ಮಾಡಿದೋಳು ಅಂತ ಬರ್ದು, ಆಮೇಲೆ ಬಾಗ್ಲು ತೆಗಿ."

ಪ್ರಜ್ವಲ್ ಸೀಮೆಸುಣ್ಣ ತೆಗೆದುಕೊಂಡು, ಅವಳು ಹೇಳಿದ ಹಾಗೇ ಬರೆದ.